ಹೊಡೆಯದೆ ಉಳಿದ ಏಟು

ಮೊನ್ನೆ ಅಫಜಲಪುರದಿಂದ ಹೊರಟ ಬಸ್ಸು ಅತನೂರಿನ ಹತ್ತಿರ ನಿಂತಾಗ ಕಿಟಕಿಯಿಂದ ರವದಿ ಸುಡುವ ಹೊಗೆ ಒಳಗೆ ನುಗ್ಗಿತು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಮ್ಮ ಕಡೆ ರವದಿ ಅನ್ನುತ್ತಾರೆ. ಬಸ್ಸಿನಲ್ಲಿದ್ದವರೆಲ್ಲ ಸೆರಗು, ಟವೆಲ್ಲು ಮೂಗಿಗೆ ಹಿಡಿದರು. ನಾನು ಹಿಡಿಯಲಿಲ್ಲ. ಆ ಹೊಗೆ ಮೂಗಿಗೆ ಹೋದ ಕೂಡಲೇ ನನ್ನ ಹಲ್ಲು ತಾವಾಗಿಯೇ ಕಚ್ಚಿಕೊಳ್ಳುತ್ತವೆ, ಕೈ ಮುಷ್ಟಿಯಾಗುತ್ತದೆ. ಆಧಾರ್ ಕಾರ್ಡು ನೋಡಲು ಬಂದ ಕಂಡಕ್ಟರ್ ನನ್ನ ಮುಖ ನೋಡಿ ಏನೂ ಕೇಳದೆ ಟಿಕೆಟ್ಟು ಹರಿದುಕೊಟ್ಟು ಮುಂದೆ ಹೋದ.

ನಾನು ಹುಟ್ಟಿ ಬೆಳೆದದ್ದು ಆಳಂದ ತಾಲೂಕಿನ ಹಿರೋಳ್ಳಿಯಲ್ಲಿ. ಊರು ದಾಟಿದರೆ ಮಹಾರಾಷ್ಟ್ರ. ಸಿಟ್ಟು ಬಂದರೆ ನಮ್ಮೂರವರು ಮೊದಲು ಮರಾಠಿಯಲ್ಲಿ ಬೈಯುತ್ತಾರೆ, ಅದು ಸಾಲದಿದ್ದರೆ ಕನ್ನಡದಲ್ಲಿ ಬೈಯುತ್ತಾರೆ, ಅದೂ ಸಾಲದಿದ್ದರೆ ಕೈಗೆ ಸಿಕ್ಕಿದ್ದನ್ನು ಬೀಸುತ್ತಾರೆ. ನಮ್ಮವ್ವ ಇವರಿಗೆ ಮೊದಲೇ ಹೇಳಿದ್ದಳು, ನನ್ನ ಮಗಳು ಮೊದಲೆರಡನ್ನೂ ಬಿಟ್ಟು ನೇರ ಬೀಸುವುದಕ್ಕೇ ಹೋಗುತ್ತಾಳೆ, ನೋಡಿಕೊಂಡು ಮದುವೆಯಾಗಪ್ಪ ಎಂದು. ಇವರು ಅಂದರೆ ನನ್ನ ಗಂಡ ಹಣಮಂತ. ಜೇವರ್ಗಿ ಕಡೆಯ ಅಂದೋಲಾದವರು, ಈ ಸಂಗತಿ ನಡೆದ ವರ್ಷ ಅತನೂರಿನಲ್ಲಿ ಲೈನ್‌ಮನ್. ನಾನು ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ಕಲಿಸುತ್ತಿದ್ದೆ. ಇವರಿಗೆ ಸಿಟ್ಟೆಂಬುದು ಬರುತ್ತಲೇ ಇರಲಿಲ್ಲ. ಎಲ್ಲಿಯಾದರೂ ಕರೆಂಟು ಹೋದರೆ ಊರೆಲ್ಲ ಫೋನಿನಲ್ಲಿ ಬೈಯುತ್ತಿದ್ದರೂ ಇವರು ಕಂಬದ ಕೆಳಗೆ ಸುಮ್ಮನೆ ನಿಂತು, ತಂತಿಯ ದಾರಿಯನ್ನು ಕಣ್ಣಿನಲ್ಲೇ ಹಿಡಿದು, ತಪ್ಪು ಎಲ್ಲಿದೆ ಎಂದು ಯೋಚಿಸುತ್ತಿದ್ದರು.

ಡಿಸೆಂಬರ್ ತಿಂಗಳು. ಬೆಳಿಗ್ಗೆ ಥಂಡಿ, ಮಧ್ಯಾಹ್ನ ಚುರುಚುರು ಬಿಸಿಲು, ದಿನವಿಡೀ ಕಬ್ಬಿನ ಟ್ರಾಕ್ಟರುಗಳ ಸದ್ದು. ಗುರಣ್ಣನೆಂಬವನು ಹೊಸದಾಗಿ ಕಬ್ಬು ನಾಟಿ ಮಾಡಿದ್ದ. ನೀರು ಹೆಚ್ಚು ಬೇಕೆಂದು ಯಾರಿಗೂ ಹೇಳದೆ ದೊಡ್ಡ ಮೋಟರು ಕೂಡಿಸಿದ. ಅದರ ಭಾರಕ್ಕೆ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಎರಡು ಸಲ ಸುಟ್ಟಿತು, ಸುತ್ತಲಿನ ಎಲ್ಲರ ಹೊಲಕ್ಕೂ ನೀರು ನಿಂತಿತು. ಇವರು ಮೂರು ಸಲ ಹೋಗಿ ತಿಳಿಸಿ ಹೇಳಿದರು. ಕೇಳದಿದ್ದಾಗ ಕಂಬ ಹತ್ತಿ ಅವನೊಬ್ಬನ ತಂತಿ ಕತ್ತರಿಸಿದರು. ಇಳಿಯುವಾಗ ಗುರಣ್ಣ ಕೆಳಗೆ ಪೈಪು ಬಿಗಿಯುವ ದೊಡ್ಡ ಪಾನಾ ಹಿಡಿದು ನಿಂತಿದ್ದ. ಕಂಬದ ಪಟ್ಟಿಯನ್ನು ಹಿಡಿದಿದ್ದ ಇವರ ಬಲಗೈ ಅವನ ಎತ್ತರಕ್ಕೆ ಬರುವವರೆಗೂ ಕಾದು, ಬೆರಳುಗಳ ಮೇಲೆ ಬಾರಿಸಿದ. ಇವರು ಬಿದ್ದರು. ಬಿದ್ದ ಮೇಲೆ ಮಣಿಕಟ್ಟಿಗೆ ಹೊಡೆದ, ಪಕ್ಕೆಗೆ ಹೊಡೆದ, ಬಾಯಿಗೆ ಒದ್ದ. ಪಕ್ಕದ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ್ದರಿಂದ ಹೊಗೆಯಲ್ಲಿ ಯಾರಿಗೂ ತಕ್ಷಣ ಕಾಣಲಿಲ್ಲ. ಸುದ್ದಿ ತಿಳಿದು ನಾನು ಓಡಿಹೋಗುವಷ್ಟರಲ್ಲಿ ಇವರು ಮಣ್ಣಿನಲ್ಲಿ ಕೂತು ಎಡಗೈಯಿಂದ ಒಂದು ಹಲ್ಲನ್ನು ಹುಡುಕುತ್ತಿದ್ದರು. ಬಲಗೈಯ ಮೂರು ಬೆರಳು ಜಜ್ಜಿಹೋಗಿ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ.

ಆವತ್ತು ಗುರಣ್ಣ ನನ್ನ ಕೈಗೆ ಸಿಕ್ಕಿದ್ದರೆ ನಾನು ಇವತ್ತು ಈ ಬರಹವನ್ನು ಜೈಲಿನಿಂದ ಬರೆಯುತ್ತಿದ್ದೆ.

ಕಲಬುರಗಿಯ ಆಸ್ಪತ್ರೆಯಲ್ಲಿ ಕೈಗೆ ರಾಡು ಹಾಕಿದರು. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡ ಕಾಲೇಜಿನ ಸರ್ ಒಬ್ಬರಿದ್ದರು, ತತ್ವಶಾಸ್ತ್ರ ಕಲಿಸುವವರಂತೆ. ಇವರು ದಿನವಿಡೀ ಚಾವಣಿ ನೋಡುತ್ತ ಮಲಗಿದ್ದನ್ನು ನೋಡಲಾರದೆ ಇವರ ಫೋನಿಗೆ ಒಂದು ಆಟ ಹಾಕಿಕೊಟ್ಟರು. ಅದು ಗುಂಡು ಹಾರಿಸುವ ಆಟವಲ್ಲ, ಗಾಡಿ ಓಡಿಸುವ ಆಟವೂ ಅಲ್ಲ. ಹಾಳು ಬಿದ್ದ ಒಂದು ಕೋಟೆ. ಅದರೊಳಗೆ ಮುಖವಿಲ್ಲದ ಒಬ್ಬ ಮನುಷ್ಯ. ಕೋಣೆ ಆದ ಮೇಲೆ ಕೋಣೆ. ಪ್ರತಿ ಕೋಣೆಯ ಗೋಡೆಯ ಮೇಲೂ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ. ಉತ್ತರ ಬರೆಯುವ ಹಾಗಿಲ್ಲ, ಆ ಮನುಷ್ಯನ ಕೈಯಲ್ಲಿ ಮಾಡಿ ತೋರಿಸಬೇಕು. ಸರಿಹೋದರೆ ಬಾಗಿಲು ತೆರೆಯುತ್ತದೆ.

ತೊಂದರೆ ಏನೆಂದರೆ, ಆ ಆಟಕ್ಕೆ ಎರಡು ಹೆಬ್ಬೆರಳು ಬೇಕು. ಎಡಗಡೆ ಒತ್ತಿದರೆ ಮನುಷ್ಯ ನಡೆಯುತ್ತಾನೆ, ಬಲಗಡೆ ಒತ್ತಿದರೆ ಎತ್ತುತ್ತಾನೆ, ಇಡುತ್ತಾನೆ, ತಳ್ಳುತ್ತಾನೆ. ಇವರ ಬಲಗೈ ಪ್ಲಾಸ್ಟರಿನಲ್ಲಿ. ಅತನೂರಿಗೆ ಮರಳಿದ ಮೇಲೆ ಒಂದು ಸಂಜೆ ಬಲಗಡೆ ನೀನು ಒತ್ತು ಎಂದು ನನ್ನನ್ನು ಅಂಗಳದಲ್ಲಿದ್ದ ಹಗ್ಗ ಹೆಣೆದ ಹೊರಸಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡರು. ಆ ಫೋನನ್ನು ಭೀಮಾ ನದಿಗೆ ಎಸೆಯುತ್ತೇನೆ ಎಂದು ಕೂಗಾಡಿದೆ. ನಿಮ್ಮ ಕೈ ಮುರಿದವನು ಜಾಮೀನಿನ ಮೇಲೆ ಹೊರಗೆ ಬಂದು ಊರಲ್ಲಿ ಮೀಸೆ ತಿರುವುತ್ತಿದ್ದಾನೆ, ನೀವು ಗೊಂಬೆ ಆಡಿಸುತ್ತ ಕೂತಿದ್ದೀರಿ ಎಂದೆ. ಇವರು ನಕ್ಕರು. ಹಲ್ಲು ಹೋದ ಜಾಗ ಕಂಡಿತು. ನಾನು ಕೂತೆ.

ಹೀಗೆ ಒಂದು ಫೋನಿಗೆ ಗಂಡನ ಎಡ ಹೆಬ್ಬೆರಳು, ಹೆಂಡತಿಯ ಬಲ ಹೆಬ್ಬೆರಳು ಸೇರಿದವು. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಹಗಲು ಹೊತ್ತಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತವರಲ್ಲ ನಾವು. ದಾರಿಯಲ್ಲಿ ಹೋಗುವವರು ನಮ್ಮ ಅಂಗಳಕ್ಕೆ ಇಣುಕಿ ನಗುತ್ತಿದ್ದರು.

ಒಂದು ಕೋಣೆಯಲ್ಲಿ ನಮ್ಮ ಮನುಷ್ಯನ ನೆರಳು ಅವನು ಎಡಕ್ಕೆ ಹೋದರೆ ಬಲಕ್ಕೆ ಹೋಗುತ್ತದೆ. ಇಬ್ಬರಲ್ಲಿ ಒಬ್ಬರು ಗುಂಡಿಗೆ ಬಿದ್ದರೂ ಇಬ್ಬರೂ ಸಾಯುತ್ತಾರೆ. ನಾನು ಅವಸರ ಮಾಡಿ ಮಾಡಿ ಅವರಿಬ್ಬರನ್ನೂ ಎಷ್ಟು ಸಲ ಕೊಂದೆನೋ. ಇನ್ನೊಂದರಲ್ಲಿ ಹಳೆಯ ದೋಣಿಯ ಹಲಗೆಗಳನ್ನು ಒಂದೊಂದಾಗಿ ತೆಗೆದು ಹೊಸದು ಹಾಕಬೇಕು. ಎಲ್ಲ ಹಲಗೆ ಬದಲಾದ ಮೇಲೆ ಗೋಡೆ ಕೇಳುತ್ತದೆ, ಇದು ಅದೇ ದೋಣಿಯೇ ಎಂದು. ನಾನು ಅರ್ಥ ಹೇಳಿದಾಗ ಇವರು ತೊಡೆ ತಟ್ಟಿಕೊಂಡರು. ನಮ್ಮ ಟಿ.ಸಿ.ಗೆ ಕಾಯಿಲು ಬದಲಿಸಿದ್ದೇವೆ, ಎಣ್ಣೆ ಬದಲಿಸಿದ್ದೇವೆ, ಡಬ್ಬಿಯನ್ನೇ ಬದಲಿಸಿದ್ದೇವೆ, ಆದರೂ ಊರವರು ಅದನ್ನು ನಮ್ಮಪ್ಪನ ಕಾಲದ ಟಿ.ಸಿ. ಅನ್ನುತ್ತಾರೆ, ಅತನೂರಿನವರನ್ನು ಕೇಳಿದರೆ ಇದು ಅದೇ ದೋಣಿ ಎಂದರು. ಹಾಗೆ ಒಂದೊಂದು ಕೋಣೆಗೂ ಗಂಟೆಗಟ್ಟಲೆ ವಾದ ಮಾಡುತ್ತಿದ್ದೆವು. ರೊಟ್ಟಿ ಬಡಿಯುವಾಗಲೂ ನನ್ನ ತಲೆಯಲ್ಲಿ ಆ ಗೋಡೆಯ ಪ್ರಶ್ನೆ ಇರುತ್ತಿತ್ತು. ನಾನು ಇವರ ಮಾತು ಅಷ್ಟು ಕೇಳಿದ್ದು ಆ ಜನವರಿಯಲ್ಲೇ. ಸುಖವಾಗಿತ್ತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಆಮೇಲೆ ಆ ಕೋಣೆ ಬಂತು. ಅದರಲ್ಲಿ ಏನೂ ಇಲ್ಲ. ನಮ್ಮ ಮನುಷ್ಯನ ಹಾಗೆಯೇ ಇರುವ ಇನ್ನೊಬ್ಬ ಮೊಣಕಾಲೂರಿ ಕೂತಿದ್ದಾನೆ. ಬಲಗಡೆ ಒತ್ತಿದರೆ ನಮ್ಮವನು ಅವನಿಗೆ ಹೊಡೆಯುತ್ತಾನೆ, ಅಷ್ಟೇ. ಗೋಡೆಯ ಮೇಲೆ, ಸಾಕಾಯಿತೇ ಎಂಬ ಪ್ರಶ್ನೆ. ನಾನು ಒತ್ತಿದೆ. ಕೂತವನು ಬಿದ್ದ, ಮತ್ತೆ ಎದ್ದು ಕೂತ. ಬಾಗಿಲಿಗೆ ಒಂದು ಇಟ್ಟಿಗೆ ಅಡ್ಡ ಬಂತು. ಮತ್ತೆ ಒತ್ತಿದೆ, ಮತ್ತೊಂದು ಇಟ್ಟಿಗೆ. ಇವರು ನಿಲ್ಲಿಸು ಅಂದರೂ ನಾನು ನಿಲ್ಲಿಸಲಿಲ್ಲ. ಆ ಮುಖವಿಲ್ಲದವನಿಗೆ ನಾನು ಗುರಣ್ಣನ ಮುಖ ಇಟ್ಟಿದ್ದೆ, ಹೆಬ್ಬೆರಳು ನೋಯುವವರೆಗೂ ಹೊಡೆದೆ. ಬಾಗಿಲು ಪೂರ್ತಿ ಮುಚ್ಚಿತು. ಮೊದಲಿನಿಂದ ಶುರು. ಒಂದು ವಾರ ಹಾಗೆಯೇ ಹೋಯಿತು. ಕೊನೆಗೆ ಒಂದು ದಿನ ಇವರು ನನ್ನ ಕೈ ಹಿಡಿದು ಪಕ್ಕಕ್ಕೆ ಇಟ್ಟು, ಫೋನನ್ನು ಹೊರಸಿನ ಮೇಲೆ ಮಲಗಿಸಿ, ಇಬ್ಬರೂ ಮುಟ್ಟುವುದು ಬೇಡ ಅಂದರು. ಚಹಾ ಕುಡಿದು ಬಂದು ನೋಡಿದರೆ ಮೊಣಕಾಲೂರಿದ್ದವನು ಎದ್ದು ನಿಂತಿದ್ದ. ತಾನೇ ನಡೆದುಹೋಗಿ ಬಾಗಿಲು ತೆರೆದ. ಇವರ ಕಣ್ಣಲ್ಲಿ ನೀರು ಬಂತು. ನನಗೆ ಮೋಸ ಹೋದ ಹಾಗಾಯಿತು.

ಆ ವಾರವೇ ಊರಿನ ಹಿರಿಯ ಸಾಯಬಣ್ಣ ಮುತ್ಯಾ ಪಂಚಾಯ್ತಿ ಕರೆದದ್ದು ನಮ್ಮ ಗ್ರಹಚಾರ. ಕೋರ್ಟಿನ ಕೇಸು ಅದರ ಪಾಡಿಗೆ ನಡೆಯಲಿ, ದಿನಾ ಮುಖ ನೋಡಬೇಕಾದವರು ನೀವು, ಊರೊಳಗಿನದು ಊರೊಳಗೆ ಮುಗಿಯಲಿ ಎಂಬುದು ಆತನ ಮಾತು. ಅಲ್ಲಿ ಒಂದು ಪದ್ಧತಿ ಇತ್ತು. ತಪ್ಪು ಒಪ್ಪಿಕೊಂಡವನು ತನ್ನ ಕಾಲಿನ ಚಪ್ಪಲಿ ತೆಗೆದು ಹಿರಿಯರ ಮುಂದೆ ಇಡಬೇಕು. ಏಟು ತಿಂದವನು ಅದೇ ಚಪ್ಪಲಿಯಿಂದ ಎಲ್ಲರ ಎದುರು ಅವನಿಗೆ ಒಂದು ಏಟು ಹೊಡೆಯಬೇಕು. ಆ ಮೇಲೆ ಇಬ್ಬರ ಮನೆಯಲ್ಲೂ ಆ ಮಾತು ಎತ್ತುವ ಹಾಗಿಲ್ಲ, ಕೈ ಎತ್ತುವ ಹಾಗಿಲ್ಲ.

ಹಿಟ್ಟಿನ ಗಿರಣಿಯ ಮುಂದೆ ಜನ ಕೂಡಿತ್ತು. ಗುರಣ್ಣ ತಲೆ ತಗ್ಗಿಸಿ ಬಂದು ಚಪ್ಪಲಿ ಇಟ್ಟು ಕೂತ. ಮುತ್ಯಾ ಅದನ್ನು ಎತ್ತಿ ಇವರಿಗೆ ಕೊಡಲು ಹೋದ. ಇವರು ಎಡಗೈಯನ್ನು ಹಿಂದಕ್ಕೆ ಎಳೆದುಕೊಂಡರು.

"ನಾ ಹೊಡಿಯಂಗಿಲ್ರಿ ಮುತ್ಯಾ."

ಬಲಗೈ ಏಳದ್ದಕ್ಕೆ ಹೀಗೆ ಅನ್ನುತ್ತಾನೆಂದು ಮುತ್ಯಾ ತಿಳಿದ. ಕೈ ಆಗದಿದ್ದರೆ ಹೆಂಡತಿ ಹೊಡೆಯಲಿ, ಅದೂ ನಡೆಯುತ್ತದೆ ಎಂದು ಚಪ್ಪಲಿಯನ್ನು ನನಗೆ ಕೊಟ್ಟ. ಅದರಲ್ಲಿ ಗುರಣ್ಣನ ಕಾಲಿನ ಬಿಸಿ ಇನ್ನೂ ಆರಿರಲಿಲ್ಲ. ನಾನು ಕೈ ಎತ್ತಿದೆ. ಆ ಕ್ಷಣಕ್ಕಾಗಿ ಡಿಸೆಂಬರಿನಿಂದ ಅನ್ನ ತಿಂದಿದ್ದೆ ನಾನು. ಇವರು ನನ್ನನ್ನು ನೋಡಿ, ಬ್ಯಾಡ ಬೇ, ಅಂದರು. ನಾನು ಚಪ್ಪಲಿಯನ್ನು ನೆಲಕ್ಕೆ ಒಗೆದು ಮನೆಗೆ ಬಂದೆ. ತಿರುಗಿ ನೋಡಿದಾಗ ಗುರಣ್ಣನ ಮುಖ ಬಿಳಚಿಕೊಂಡಿತ್ತು.

ಇವರು ಖುಷಿಯಿಂದ ಬಂದರು. ಇನ್ನು ಗುರಣ್ಣ ತಾನೇ ಎದ್ದು ಬಾಗಿಲು ತೆರೆಯುತ್ತಾನೆ ಅನ್ನುವ ಹಾಗಿತ್ತು ಇವರ ಮುಖ. ಊರು ತಿಳಿದುಕೊಂಡದ್ದೇ ಬೇರೆ. ಹೊಡೆದರೆ ಮುಗಿಯುತ್ತಿತ್ತು, ಹೊಡೆಯಲಿಲ್ಲ ಅಂದರೆ ಮುಗಿಸುವ ಮನಸ್ಸಿಲ್ಲ. ಲೈನ್‌ಮನ್ ತನ್ನ ಏಟು ಬಾಕಿ ಇಟ್ಟುಕೊಂಡಾನ ಎಂದು ಚಹಾದ ಅಂಗಡಿಯಲ್ಲಿ, ಕಬ್ಬಿನ ಹೊಲದಲ್ಲಿ, ನಮ್ಮ ಶಾಲೆಯ ವರಾಂಡದಲ್ಲಿ ಮಾತಾಯಿತು. ಚಪ್ಪಲಿ ಏಟು ಬೇಡ ಅಂದವನಿಗೆ ಜೀವವೇ ಬೇಕಾಗಿರಬೇಕು. ಅದರಲ್ಲೂ ಲೈನ್‌ಮನ್. ಅವನು ಕೊಡಲಿ ಹಿಡಿಯಬೇಕಾಗಿಲ್ಲ, ಬಡಿಗೆ ಹಿಡಿಯಬೇಕಾಗಿಲ್ಲ. ಒಂದು ತಂತಿ ಎಲ್ಲೋ ತಾಗಿಸಿ ಬಿಟ್ಟರೆ ಸಾಕು, ಯಾವ ಪೊಲೀಸರಿಗೂ ತಿಳಿಯುವುದಿಲ್ಲ.

ಗುರಣ್ಣ ಅದನ್ನು ನಂಬಿದ. ಕತ್ತರಿಸಿದ ತಂತಿಯನ್ನು ಕಂಪನಿಯವರು ಮತ್ತೆ ಕೂಡಿಸಿದ್ದರೂ ಮೋಟರಿನ ಸ್ಟಾರ್ಟರ್ ಮುಟ್ಟುವುದನ್ನು ಬಿಟ್ಟ. ಮನೆಯ ಸ್ವಿಚ್ಚು ಒತ್ತಲು ಹೆಂಡತಿಗೂ ಬಿಡಲಿಲ್ಲ, ಮನೆಯಲ್ಲಿದ್ದ ಸಣ್ಣ ಗಿರಣಿ, ಮಿಕ್ಸರು ಎಲ್ಲ ಕಟ್ಟಿಟ್ಟ. ಕೈಯಲ್ಲಿ ಯಾವಾಗಲೂ ಟೆಸ್ಟರು ಹಿಡಿದು ನಲ್ಲಿಗೆ, ಬಾಗಿಲ ಚಿಲಕಕ್ಕೆ, ಎಮ್ಮೆಯ ಸರಪಳಿಗೆ ಒತ್ತಿ ಒತ್ತಿ ನೋಡುತ್ತಿದ್ದನಂತೆ. ಇವರಿಗೆ ಬಲಗೈ ಎತ್ತಿ ಕುಂಕುಮದ ಡಬ್ಬಿ ಹಿಡಿಯಲೂ ಆಗದು ಎಂದು ಯಾರು ಅವನಿಗೆ ಹೇಳಬೇಕು. ಇವರೇ ಒಂದು ದಿನ ಅವನ ಮನೆಗೆ ಹೋಗಿ ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಎಂದು ಹೇಳಿ ಬಂದರು. ಅಷ್ಟು ಮೆತ್ತಗೆ ಮಾತಾಡಿದರೆಂದು ಗುರಣ್ಣ ಇನ್ನೂ ಹೆದರಿದ.

ಈಗ ನನಗೂ ಭಯ ಶುರುವಾಯಿತು. ಹೆದರಿದವನು ಸುಮ್ಮನೆ ಇರುವುದಿಲ್ಲ, ಮೊದಲೇ ಕೈ ಮಾಡುತ್ತಾನೆ. ಇವರ ಜೀವಕ್ಕೆ ಅಪಾಯ ಇದೆ ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

"ನಿಮ್ಮ ಆಟ ಮಾಡಿದವ್ರು ಅತನೂರಿಗೆ ಬಂದವ್ರಲ್ರಿ," ಎಂದೆ. "ಅಲ್ಲಿ ಹೊಡೀದಿದ್ರ ಬಾಗಿಲ ತೆಗೀತದ. ಇಲ್ಲಿ ಹೊಡೀದಿದ್ರ ಕುತಗಿ ಹೋಗ್ತದ. ಹೋಗಿ ಒಂದ್ ಏಟು ಹೊಡದು ಬರ್ರಿ."

ಇವರು ಹೊರಸಿನ ಮೇಲೆ ಎದ್ದು ಕೂತರು. ಆಮೇಲೆ, ಪಾನಾ ಎತ್ತಿದಾಗ ಗುರಣ್ಣನ ಕಣ್ಣು ಹೇಗಿತ್ತೆಂದು ನೀನು ನೋಡಿಲ್ಲ, ನಾನು ಕೈ ಎತ್ತಿದರೆ ನನ್ನ ಕಣ್ಣೂ ಹಾಗೇ ಆಗುತ್ತದೆ, ಅದು ನನಗೆ ಬೇಡ ಅಂದರು. ನನಗೆ ಇವರ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಮರುಕ ಬಂತು. ಎರಡನ್ನೂ ಏನು ಮಾಡಬೇಕೆಂದು ತಿಳಿಯದೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದೆ.

ಶಿವರಾತ್ರಿ ಮುಗಿದು ಬಿಸಿಲು ಏರಿತು. ಗುರಣ್ಣನ ಹೊಲದ ಕಂಬವನ್ನು ಬೀಳದ ಹಾಗೆ ಹಿಡಿದು ನಿಲ್ಲಿಸುವ ಓರೆ ತಂತಿಗೆ ಅವನು ಈಗಲೂ ಟೆಸ್ಟರು ಒತ್ತಿ ನೋಡಿ ಎಮ್ಮೆ ಕಟ್ಟುತ್ತಿದ್ದ. ಕಟ್ಟಬೇಡವೆಂದು ಇವರು ಕೈ ಮುರಿಯುವ ಮೊದಲೇ ಎಷ್ಟೋ ಸಲ ಹೇಳಿದ್ದರು. ಅವತ್ತು ಪಕ್ಕದ ಹೊಲದವರು ನೀರು ಬಿಟ್ಟು ನೆಲ ಹಸಿಯಾಗಿತ್ತಂತೆ, ಕಂಬದ ಮೇಲಿನ ಪಿಂಗಾಣಿ ಒಡೆದು ಓರೆ ತಂತಿಗೆ ಕರೆಂಟು ಇಳಿದಿತ್ತಂತೆ. ಎಮ್ಮೆ ಮೈ ಉಜ್ಜಲು ತಂತಿಗೆ ಒರಗಿ ನಿಂತಲ್ಲೇ ಬಿದ್ದು ಸತ್ತಿತು. ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಅವತ್ತೇ ಮಧ್ಯಾಹ್ನ ನಾವಿಬ್ಬರೂ ಅಂಗಳದ ಹೊರಸಿನ ಮೇಲೆ ಫೋನು ಹಿಡಿದು ಕೂತಿದ್ದೆವು. ಕೋಟೆಯ ಕೊನೆಯ ಕೋಣೆಗಳು ಉಳಿದಿದ್ದವು. ಗುರಣ್ಣ ಬಂದದ್ದು ನನಗೆ ಗೊತ್ತಾಗಿದ್ದು ನಮ್ಮ ಮೇಲೆ ಅವನ ನೆರಳು ಬಿದ್ದಾಗ. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ ಇತ್ತು. ಬೈಯಲಿಲ್ಲ, ಕೂಗಲಿಲ್ಲ, ಬೀಸಿದ. ಮೊದಲನೆಯದು ಹೊರಸಿನ ಪಟ್ಟಿಗೆ ಇವರ ತೊಡೆಯ ಪಕ್ಕದಲ್ಲೇ ಕಚ್ಚಿತು. ಕಿತ್ತು ಎರಡನೆಯದನ್ನು ಕುತ್ತಿಗೆಗೆ ಬೀಸಿದ. ಇವರು ಪ್ಲಾಸ್ಟರಿನ ಕೈ ಅಡ್ಡ ಹಿಡಿದರು. ಪ್ಲಾಸ್ಟರು ಬಿರಿದು ಚೂರು ನನ್ನ ಮುಖಕ್ಕೆ ಹಾರಿತು, ಅದರ ಹಿಂದೆಯೇ ರಕ್ತ. ಇವರು ಹೊರಸಿನಿಂದ ಆ ಕಡೆ ಉರುಳಿದರು.

ಗೋಡೆಗೆ ಸಲಿಕೆ ಒರಗಿಸಿತ್ತು. ಅದು ನನ್ನ ಕೈಗೆ ಹೇಗೆ ಬಂತೋ ನೆನಪಿಲ್ಲ. ಅವನ ಮೊಣಕಾಲಿಗೆ ಬಾರಿಸಿದೆ. ಎಲುಬಿನ ಸದ್ದು ಕೇಳಿತು. ಅವನು ಕುಸಿದ. ಕೊಯ್ತಾ ಹಿಡಿದ ಕೈಗೆ ಹೊಡೆದೆ, ಬೆನ್ನಿಗೆ ಹೊಡೆದೆ. ಕೊಯ್ತಾ ಜಾರಿ ದೂರ ಬಿತ್ತು. ಸಲಿಕೆಯ ಅಂಚನ್ನು ಅವನ ತಲೆಯ ನೇರಕ್ಕೆ ತಿರುಗಿಸಿ ಎತ್ತಿದೆ. ಕೊಲ್ಲಬೇಕೆಂದೇ ಎತ್ತಿದ್ದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಇವರು ಹಿಂದಿನಿಂದ ಎಡಗೈಯಲ್ಲಿ ನನ್ನ ಸೊಂಟ ಹಿಡಿದು ಎಳೆದರು. ಇವರ ಬಲಗೈಯ ರಕ್ತ ನನ್ನ ಸೀರೆಗೆ ಬಿಸಿಯಾಗಿ ಹರಿಯಿತು.

ಗುರಣ್ಣ ಏಳಲಿಲ್ಲ. ಸರಿಯಿದ್ದ ಮೊಣಕಾಲೂರಿ ಕೂತಲ್ಲೇ ತನ್ನ ಒಂದು ಚಪ್ಪಲಿ ಕಳಚಿ ಎರಡೂ ಕೈಯಲ್ಲಿ ಮುಂದೆ ಹಿಡಿದ. ಅವನ ಕಣ್ಣು ಕೆಂಪಾಗಿ ಗುಳಿ ಬಿದ್ದಿದ್ದವು, ಗಡ್ಡ ಬೆಳೆದಿತ್ತು, ಡಿಸೆಂಬರಿನ ಗುರಣ್ಣನ ಅರ್ಧವೂ ಉಳಿದಿರಲಿಲ್ಲ.

"ನನ್ನ ಏಟು ನನಗ ಕೊಟ್ಟುಬಿಡ್ರಿ ಸಾಹೇಬ್ರ," ಅಂದ. "ಇವತ್ತ ನಿಮ್ಮನ್ನ ಕಡಿಯಾಕ ಬಂದಿದ್ದೆ. ಕೊಡದಿದ್ರ ನಾಳಿ ಮತ್ತ ಬರ್ತೇನಿ. ನನಗ ಹಿಂಗ ಬದುಕಾಕ ಆಗವಲ್ದು."

ಇವರು ನನ್ನನ್ನು ಬಿಟ್ಟು ಅವನ ಮುಂದೆ ಹೋಗಿ ನಿಂತರು. ನನ್ನ ಮನಸ್ಸಿನಲ್ಲಿ ಏನೂ ಇಲ್ಲೋ ಗುರಣ್ಣಾ ಎಂದು ಮತ್ತೆ ಅದೇ ಮಾತು ಶುರು ಮಾಡಿದರು. ಅವನು ತಲೆ ಅಲ್ಲಾಡಿಸಿ ಚಪ್ಪಲಿಯನ್ನು ಇನ್ನೂ ಮುಂದೆ ಹಿಡಿದ. ಕೊನೆಗೆ ಇವರು ಎಡಗೈಯಲ್ಲಿ ಅದನ್ನು ತೆಗೆದುಕೊಂಡು ಅವನ ಹೆಗಲಿಗೆ ಧೂಳು ಝಾಡಿಸಿದ ಹಾಗೆ ತಾಗಿಸಿದರು.

"ಇದು ಏಟಲ್ರಿ," ಅಂದ ಗುರಣ್ಣ. ಅವನು ಅಳುತ್ತಿದ್ದ.

ಇವರು ಮತ್ತೆ ಕೈ ಎತ್ತಲು ನೋಡಿದರು, ಎತ್ತಲು ಆಗಲಿಲ್ಲ. ನಾನು ಸಲಿಕೆ ಬಿಟ್ಟು ಇವರ ಕೈಯಿಂದ ಚಪ್ಪಲಿ ಕಸಿದುಕೊಂಡೆ. ಈ ಸಲ ಇವರು ಬ್ಯಾಡ ಅನ್ನಲಿಲ್ಲ. ಮುಖ ಆ ಕಡೆ ತಿರುಗಿಸಿದರು. ನಾನು ಕಾಲು ಊರಿ ನಿಂತು ನನ್ನ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಅವನ ಕೆನ್ನೆಗೆ ಹೊಡೆದೆ. ತುಟಿ ಒಡೆದು ರಕ್ತ ಚಿಮ್ಮಿತು, ಅವನು ಪಕ್ಕಕ್ಕೆ ಉರುಳಿದ. ನನಗೆ ಆದ ಸಂತೋಷ ಎಷ್ಟೆಂದರೆ ನನಗೇ ಹೆದರಿಕೆಯಾಯಿತು. ಇನ್ನೊಂದು ಹೊಡೆಯಲು ಕೈ ತಾನಾಗಿ ಎದ್ದಿತು. ಪದ್ಧತಿಯಲ್ಲಿ ಇದ್ದದ್ದು ಒಂದೇ ಏಟು. ಅದನ್ನು ನೆನೆಸಿಕೊಂಡು ಚಪ್ಪಲಿಯನ್ನು ಅವನ ಕಾಲ ಹತ್ತಿರ ಇಟ್ಟೆ.

ಗುರಣ್ಣ ಎದ್ದು ಕೂತು ತುಟಿ ಒರೆಸಿಕೊಂಡ. ನೀರು ಕೇಳಿದ. ಕೊಟ್ಟ ಚೆಂಬಿನ ನೀರನ್ನು ಒಂದೇ ಉಸಿರಿಗೆ ಕುಡಿದ, ರಕ್ತ ಸಮೇತ. ಏಳಲು ನೋಡಿದ, ಕಾಲು ಊರಲು ಆಗಲಿಲ್ಲ. ನಮ್ಮ ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತ. ಓಡಿ ಬಂದ ಅಕ್ಕಪಕ್ಕದವರು ಇವರ ಕೈಗೆ ಬಟ್ಟೆ ಬಿಗಿದು ಆಸ್ಪತ್ರೆಗೆ ಗಾಡಿ ಹುಡುಕಲು ಹೋದರು. ನಾನು ಬಾಗಿಲಿಗೆ ಬೀಗ ಹಾಕಿ ತಿರುಗುವಷ್ಟರಲ್ಲಿ ಗುರಣ್ಣನ ಕುತ್ತಿಗೆ ಒಂದು ಕಡೆ ವಾಲಿತ್ತು. ಸತ್ತನೇನೋ ಅಂದುಕೊಂಡೆ. ಹತ್ತಿರ ಬಗ್ಗಿ ನೋಡಿದರೆ ಗೊರಕೆ ಹೊಡೆಯುತ್ತಿದ್ದ.

ಅಷ್ಟರಲ್ಲಿ ಅವನ ಹೆಂಡತಿ ಕಾಶಿಬಾಯಿ ಎದೆ ಎದೆ ಬಡಿದುಕೊಂಡು ಓಡಿ ಬಂದಳು. ಕೊಯ್ತಾ ನೋಡಿದಳು, ನೆಲದ ರಕ್ತ ನೋಡಿದಳು, ಇವರು ನಿಂತಿರುವುದನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿ ಅಳುವುದನ್ನು ನಿಲ್ಲಿಸಿದಳು. ಅವನನ್ನೂ ಗಾಡಿಗೆ ಹಾಕೋಣ, ಕಾಲು ಮುರಿದಿದೆ ಎಂದು ಇವರು ಎಬ್ಬಿಸಲು ಹೋದರು. ಅವಳು ಗಂಡನ ಪಕ್ಕದಲ್ಲಿ ಕೂತು, ಅವನ ಮುಖದ ಮೇಲೆ ಬಿಸಿಲು ಬೀಳದಂತೆ ಸೆರಗು ಹಿಡಿದು, ಇವರಿಗೆ ಕೈ ಅಡ್ಡ ಮಾಡಿದಳು.

"ಈಗ ಎಬ್ಬಿಸಬ್ಯಾಡ್ರಿ," ಅಂದಳು. "ತಿಂಗಳ ಮ್ಯಾಲಾತು, ಮಲಗೇ ಇಲ್ಲ."